ತೆರೆಯದೆ ನೋಡಿದ ಫೈಲು

ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮುಂಬಯಿಯ ಜೋಗೇಶ್ವರಿಯ ಔಷಧಿ ಪ್ಯಾಕಿಂಗ್ ಕಾರ್ಖಾನೆಯೊಂದರಲ್ಲಿ ನಾನು ಟೈಪಿಸ್ಟ್ ಆಗಿದ್ದೆ. ಆಫೀಸಿಗೆ ಮೊದಲ ಕಂಪ್ಯೂಟರ್ ಬಂದಾಗ ಅದನ್ನು ಗಾಜಿನ ಕೋಣೆಯಲ್ಲಿಟ್ಟು ನನ್ನನ್ನೂ ಅದರ ಜೊತೆ ಕೂರಿಸಿದರು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು.

ಫೈಲಿನ ಹೆಸರು ಎಂಟಕ್ಷರ ಮೀರುವಂತಿರಲಿಲ್ಲ. ಹೆಸರು ನೋಡಿದರೆ ಒಳಗೇನಿದೆಯೆಂದು ತಿಳಿಯುತ್ತಿರಲಿಲ್ಲ, ಒಂದೊಂದನ್ನೂ ತೆರೆಯಲು ಬಹಳ ಹೊತ್ತು. ರಿಪೇರಿಗೆ ಬಂದ ಇಂಜಿನಿಯರ್ ಸುಲಭದ ದಾರಿ ಹೇಳಿಕೊಟ್ಟರು. ‘ಟೈಪ್’ ಎಂದು ಹೊಡೆದು ಮುಂದೆ ಫೈಲಿನ ಹೆಸರು ಕೊಟ್ಟರೆ, ತೆರೆಯದೆಯೇ ಅದರೊಳಗಿನ ಬರಹ ಪರದೆಯ ಮೇಲೆ ಓಡುತ್ತಿತ್ತು. ಉದ್ದದ ಫೈಲಾದರೆ ಮೊದಲ ಸಾಲುಗಳು ಓದುವ ಮುಂಚೆಯೇ ಮೇಲೆ ಹೋಗಿಬಿಡುತ್ತಿದ್ದವು. ಕೊನೆಯ ಇಪ್ಪತ್ತು ಚಿಲ್ಲರೆ ಸಾಲು ನಿಲ್ಲುತ್ತಿದ್ದವು. ನನ್ನ ಕೆಲಸಕ್ಕೆ ಅಷ್ಟು ಸಾಕಾಗುತ್ತಿತ್ತು.

ಪ್ಯಾಕಿಂಗ್ ವಿಭಾಗದಲ್ಲಿ ವಿಜಾಪುರದ ಕಡೆಯ ಹೆಂಗಸೊಬ್ಬಳಿದ್ದಳು. ಕಟ್ಟಡದ ಕೆಲಸದಲ್ಲಿ ಬಿದ್ದು ಸೊಂಟ ಮುರಿದುಕೊಂಡ ಗಂಡ ಮನೆಯಲ್ಲಿದ್ದ. ಐದು ವರ್ಷದಿಂದ ಅವಳು ಹಂಗಾಮಿಯಾಗಿಯೇ ದುಡಿಯುತ್ತಿದ್ದಳು. ಕನ್ನಡದವರು ನಾವಿಬ್ಬರೇ ಆದ್ದರಿಂದ ಮಧ್ಯಾಹ್ನ ಡಬ್ಬಿ ಒಟ್ಟಿಗೆ ಬಿಚ್ಚುತ್ತಿದ್ದೆವು. ನನ್ನ ಮೈಸೂರು ಮಾತು ಕೇಳಿ ಅವಳಿಗೆ ನಗು. ಆ ದಿನಗಳಲ್ಲಿ ಕಾರ್ಖಾನೆ ಮುಂಬಯಿ ಬಿಡುತ್ತದೆ, ಅರ್ಧ ಜನರನ್ನು ತೆಗೆಯುತ್ತಾರೆ ಎಂಬ ಗುಸುಗುಸು ಎಲ್ಲೆಲ್ಲೂ ಇತ್ತು.

ಒಂದು ಬೆಳಿಗ್ಗೆ ಮ್ಯಾನೇಜರ್ ಫ್ಲಾಪಿಯೊಂದನ್ನು ಕೊಟ್ಟು, ಇದರ ಪ್ರತಿ ಮಾಡಿಕೊಡಿ, ತೆರೆದು ನೋಡುವುದು ಬೇಡ ಎಂದರು. ಹಿಂದೆಂದೂ ಹಾಗೆ ಹೇಳಿದವರಲ್ಲ. ಅವರು ಫೋನಿಗೆಂದು ಹೊರಗೆ ಹೋದಾಗ ನಾನು ‘ಟೈಪ್’ ಹೊಡೆದೆ. ಹೆಸರುಗಳು ಓಡಿ ಬಂದು ನಿಂತವು. ಕೊನೆಯಿಂದ ಮೂರನೆಯದು ಅವಳದು. ಎಲ್ಲಕ್ಕೂ ಕೆಳಗೆ, ಇವರು ತಿಂಗಳ ಕೊನೆಗೆ ಗೇಟ್ ಪಾಸು ಹಿಂದಿರುಗಿಸಬೇಕು ಎಂದಿತ್ತು. ಬಾಗಿಲ ಸದ್ದಾಯಿತು. ಪರದೆ ಅಳಿಸಿದೆ.

ಎರಡು ದಿನ ಅದನ್ನೇ ಯೋಚಿಸಿದೆ. ಹೇಳಿದರೆ ನನ್ನ ಕೆಲಸಕ್ಕೆ ಕುತ್ತು, ಹೇಳದಿದ್ದರೆ ಅವಳ ಸಂಸಾರ ಬೀದಿಗೆ. ಮುಲುಂಡಿನ ಆಸ್ಪತ್ರೆಯೊಂದರಲ್ಲಿ ಆಯಾ ಕೆಲಸ ಖಾಲಿಯಿದೆಯೆಂದು ಯಾರೋ ಅವಳಿಗೆ ಹೇಳಿದ್ದರು. ಸಂಬಳ ಕಡಿಮೆ ಎಂದು ಬೇಡವೆಂದಿದ್ದಳು. ಮೂರನೆಯ ದಿನ ಸ್ಟೇಷನ್ನಿನ ಸೇತುವೆಯ ಮೇಲೆ ಅವಳನ್ನು ನಿಲ್ಲಿಸಿದೆ.

“ಆ ಆಯಾ ಕೆಲಸಕ್ಕೆ ಸೇರ್ಕೊಂಡುಬಿಡು. ತೆಗೆಯೋರ ಪಟ್ಟೀಲಿ ನಿನ್ನ ಹೆಸರಿದೆ. ನಾನೇ ನೋಡಿದ್ದೀನಿ.”

“ಖರೇನ್ರಿ ಅಕ್ಕಾರ?”

“ಖರೆ,” ಎಂದೆ, ಅವಳ ಮಾತಿನಲ್ಲೇ.

ವಾರದೊಳಗೆ ಅವಳು ಕೆಲಸ ಬಿಟ್ಟಳು. ತಿಂಗಳ ಕೊನೆಗೆ ಮ್ಯಾನೇಜರ್ ಅದೇ ಫೈಲನ್ನು ತೆರೆದು ಪ್ರಿಂಟ್ ತೆಗೆಯಲು ಹೇಳಿದರು. ಅಂದು ಮೊದಲ ಸಾಲು ಓದಿದೆ. ಕೆಳಗಿನವರನ್ನು ಕಾಯಂ ಮಾಡಲಾಗಿದೆ, ಹಂಗಾಮಿ ಪಾಸಿನ ಬದಲು ಹೊಸ ಕಾರ್ಡು ಕೊಡಲಾಗುವುದು ಎಂದಿತ್ತು. ಅವಳ ಹೆಸರಿನ ಮೇಲೆ ಬೆರಳಿಟ್ಟು, ಇದನ್ನು ತೆಗೆದುಬಿಡಿ, ಆಕೆ ಬಿಟ್ಟುಹೋದಳಲ್ಲ ಎಂದರು. ವಾಪಸು ಕರೆಯಬಹುದೇ ಎಂದು ಕೇಳಿದೆ. ಆ ಜಾಗಕ್ಕೆ ಆಗಲೇ ಬೇರೆಯವರನ್ನು ಹಾಕಿಯಾಗಿತ್ತು. ಯಾಕೆ ಬಿಟ್ಟಳೋ, ನಿಮಗೇನಾದರೂ ಗೊತ್ತೇ ಎಂದು ಅವರೇ ಕೇಳಿದರು. ಗೊತ್ತಿಲ್ಲ ಎಂದೆ. ಹೆಸರನ್ನು ನಾನೇ ಅಳಿಸಿದೆ.

ಭಾನುವಾರ ವಡಾಲದ ನಮ್ಮ ಮನೆಯಿಂದ ಹೊರಟು, ಕುರ್ಲಾದಲ್ಲಿ ಗಾಡಿ ಬದಲಿಸಿ ಮುಲುಂಡಿಗೆ ಹೋದೆ. ಆಸ್ಪತ್ರೆಯ ಹಿಂಬಾಗಿಲಲ್ಲಿ ಅವಳು ಸಿಕ್ಕಳು. ಒಂದನ್ನೂ ಮುಚ್ಚಿಡದೆ ಹೇಳಿದೆ. ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸುತ್ತಲೇ ನಿಂತಿದ್ದಳು.

“ನನ್ನ ಒಳ್ಳೇದಕ್ಕ ಹೇಳಿದ್ರಿ, ಗೊತ್ತೈತ್ರಿ. ಆದ್ರ ಐದು ವರ್ಷ ಕಾದಿದ್ದೆ ನೋಡ್ರಿ.”

ಒಳಗಿನಿಂದ ಯಾರೋ ಕರೆದರು, ಹೋದಳು. ಮತ್ತೆರಡು ಸಲ ಹೋಗಿ ಬಂದೆ. ಮೊದಲನೆಯ ಸಲ ಚಹಾ ಕುಡಿಸಿ, ಗಂಡ ಈಗ ಕೋಲು ಹಿಡಿದು ನಡೆಯುತ್ತಾನೆ ಎಂದಳು. ಎರಡನೆಯ ಸಲ, ಡ್ಯೂಟಿಯಲ್ಲಿದ್ದೇನೆ, ಬರಲಾಗುವುದಿಲ್ಲ ಎಂದು ಇನ್ನೊಬ್ಬಳ ಕೈಲಿ ಹೇಳಿಕಳಿಸಿದಳು. ಆಮೇಲೆ ನಾನು ಹೋಗಲಿಲ್ಲ.