ನೀರು ಹೊತ್ತ ತಲೆ

ಆ ಸಂಜೆ ಹೇರೋಹಳ್ಳಿಯ ನಮ್ಮ ಮನೆಯಲ್ಲಿ ಮಗಳು ವರಲಕ್ಷ್ಮಿ ಶಾಲೆಯ ಪದ್ಯ ಬಾಯಿಪಾಠ ಮಾಡುತ್ತಿದ್ದಳು. ಎಳನೀರಿನ ಮೇಲಿನ ಪದ್ಯ. "ನೀರು ಹೊತ್ತ ತಲೆಗೇ ಮಚ್ಚಿನ ಏಟು" ಎಂಬ ಸಾಲು ಕೇಳಿ ನಮ್ಮ ಯಜಮಾನರು ಅಂಜಿನಯ್ಯ ನಕ್ಕರು. ಮಾಗಡಿ ರಸ್ತೆಯಲ್ಲಿ ಅವರದು ಎಳನೀರಿನ ಗಾಡಿ.

"ಕಾಯಿಗೆ ತಲೆ ಎಲ್ಲೈತಮ್ಮಾ?"

"ಕಾಯಿ ಬಗ್ಗೆ ಅಲ್ವಂತೆ ಅಪ್ಪಾ. ಎಲ್ಲಾರ ಬಗ್ಗೆ ಅಂತೆ, ಮಿಸ್ ಹೇಳಿದ್ರು."

"ಹಂಗಾದ್ರೆ ಎಲ್ಲಾರ್ಗೂ ಒಂದೊಂದು ಸ್ಟ್ರಾ ಕೊಡು."

ಮರುದಿನ ಗಾಡಿಯ ಮುಂದೆ ಇಬ್ಬರು ಕುಡುಕರು ಹೊಡೆದಾಡಿದರು. ಒಬ್ಬನ ಬಾಯಿ ಒಡೆದು ರಕ್ತ ಸುರಿಯಿತು. ಅವನಿಗೆ ಎಳನೀರು ಕುಡಿಸಲು ನಮ್ಮ ಯಜಮಾನರಿಗೆ ಎರಡೂ ಕೈ ಬೇಕಿತ್ತು. ಇವರು ಮಚ್ಚನ್ನು ಒಂದು ಕಾಯಿಗೆ ಕಚ್ಚಿಸಿ ಬಿಟ್ಟರು. ಎಳನೀರಿನವರೆಲ್ಲ ಹಾಗೆಯೇ ಬಿಡುತ್ತಾರೆ. ಇನ್ನೊಬ್ಬ ಕುಡುಕ ಆ ಮಚ್ಚನ್ನು ಕಿತ್ತುಕೊಂಡ.

"ಅವ್ನಿಗೆ ನೀರ್ ಕುಡಿಸ್ತೀಯೇನೋ ನನ್ಮಗನೆ?" ಎಂದು ಇವರ ತಲೆಗೇ ಹೊಡೆದ. ಬಿದ್ದ ಮೇಲೂ ಹೊಡೆದ. ರಕ್ತವೂ ಎಳನೀರೂ ಸೇರಿ ಮೋರಿಗೆ ಹರಿದವು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಯಿತು.

ಸಮಾಧಿಗೆ ಹಾಲು ತುಪ್ಪ ಬಿಟ್ಟ ದಿನ ಮಗಳು ಆ ಸಾಲನ್ನೇ ಹೇಳಿ ಅತ್ತಳು. ಪಕ್ಕದ ಮನೆಯ ಚಿಕ್ಕಗಂಗಮ್ಮ, ಎದೆಹಾಲು ಕೊಟ್ಟ ಮಗನಿಂದಲೇ ಹಲ್ಲು ಮುರಿಸಿಕೊಂಡವಳು, ಸೆರಗು ಬಾಯಿಗಿಟ್ಟಳು.

"ಇದು ನನ್ ಮೇಲೆ ಕಟ್ಟಿರೋ ಪದ ಕಣೇ."

ಅವಳು ಯಾವತ್ತೂ ಎಳನೀರು ಮಾರಿದವಳಲ್ಲ. ಮಿಸ್ ಹೇಳಿದ್ದು ನನಗೆ ಆಗ ತಿಳಿಯಿತು. ನಮ್ಮ ಯಜಮಾನರು ಇದ್ದಿದ್ದರೆ ಅವರಿಗೂ ತಿಳಿಯುತ್ತಿತ್ತು.

ಈಗ ಗಾಡಿ ನನ್ನದು. ಮಚ್ಚು ಕಾಯಿಗೆ ಎಟುಕಬೇಕು, ಯಾರ ತಲೆಗೂ ಎಟುಕಬಾರದು. ದಿನಾ ಬೆಳಗ್ಗೆ ಅದರ ಹಿಡಿಗೆ ಗಿಡ್ಡ ಸರಪಳಿ ಬಿಗಿದು, ಗಾಡಿಯ ಕಂಬಿಗೆ ಬೀಗ ಹಾಕಿ, ಎಳೆದು ನೋಡುತ್ತೇನೆ. ಆಮೇಲೆ ಮೊದಲ ಕಾಯಿ ಕೆತ್ತುತ್ತೇನೆ.