ಉರಿಗಾಮಿನ ಎರವಲು ಎದೆ

ಬೆಂಗಳೂರು ಸಿಟಿ ಸ್ಟೇಷನ್ನಿನಲ್ಲಿ ಮೂರನೇ ದರ್ಜೆಯ ಟಿಕೆಟ್ಟಿಗೆ ಕೈ ಚಾಚಿದ್ದೆ. ಹಿಂದಿದ್ದ ಸಿಪಾಯಿಯೊಬ್ಬ ತನ್ನ ಟ್ರಂಕನ್ನು ನನ್ನ ಹಿಮ್ಮಡಿಯ ಮೇಲೆಯೇ ಇಳಿಸಿದ. ಹಾಗಾಗಿ ನನ್ನ ಪ್ರಯಾಣ ಶುರುವಾದದ್ದು ಬೈಗುಳದಿಂದ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯಾಕೆ ಹೇಳುತ್ತಾಳೆ. ವಕೀಲನಿಗೆ ಅದೇ ಬಂಡವಾಳ ಎಂದು ನಾನು ಹೇಳುತ್ತೇನೆ. ಯುದ್ಧದ ಕಾಲ, ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವೈಟ್‌ಫೀಲ್ಡ್ ದಾಟಿದ ಮೇಲೆ ಯಾರದೋ ಕಡಲೆಕಾಯಿ ಮೂಟೆಯ ಮೇಲೆ ಅರ್ಧ ಆಸನ ಸಿಕ್ಕಿತು. ಬಂಗಾರಪೇಟೆಯವರೆಗಿನ ನಲವತ್ತು ಚಿಲ್ಲರೆ ಮೈಲಿಯನ್ನು ಹಾಗೇ ಕಳೆದೆ.

ನನ್ನ ಜೇಬಿನಲ್ಲಿ ಒಂದು ಕಾರ್ಡಿತ್ತು. ಬಂಗಾರಪೇಟೆ ಬಳಿಯ ಹಳ್ಳಿಯೊಂದರಿಂದ ಮುನಿಯಮ್ಮ ಎಂಬಾಕೆ ಶಾಲೆಯ ಮೇಷ್ಟರ ಕೈಯಲ್ಲಿ ಬರೆಸಿದ್ದಳು. ಅವಳ ಗಂಡ ಯಲ್ಲಪ್ಪ ಚಿನ್ನದ ಗಣಿಯೊಂದರಲ್ಲಿ ಹದಿನಾಲ್ಕು ವರ್ಷ ಬಂಡೆ ಕೊರೆಯುವ ಮಿಷನ್ ಹಿಡಿದವನು. ಈಗ ಕಲ್ಲುಧೂಳು ಎದೆಯಲ್ಲಿ ಕೂತು ಏಳಲಾರದೆ ಬಿದ್ದಿದ್ದಾನೆ. ಇಂಥವರಿಗೆ ಪರಿಹಾರ ಕೊಡಬೇಕೆಂದು ಸರ್ಕಾರ ಕಾಯಿದೆಯನ್ನೇನೋ ಮಾಡಿತ್ತು. ಆದರೆ ಗಣಿಯವರು, "ನಿನ್ನ ಎದೆಯ ಎಕ್ಸರೇ ಚೊಕ್ಕವಾಗಿತ್ತು, ಕಾಯಿಲೆ ಕೆಲಸ ಬಿಟ್ಟ ಮೇಲೆ ಬಂದದ್ದು" ಎಂದು ಅರ್ಜಿಯನ್ನು ವಾಪಸು ಕಳಿಸಿದ್ದರು. ಶುಕ್ರವಾರ ಸರ್ಕಾರದ ಅಧಿಕಾರಿಯ ಮುಂದೆ ಕೊನೆಯ ವಿಚಾರಣೆ. ಅದೂ ತಪ್ಪಿದರೆ ಆ ಹೆಂಗಸಿಗೂ ಇಬ್ಬರು ಹೆಣ್ಣುಮಕ್ಕಳಿಗೂ ದಿಕ್ಕಿಲ್ಲ. ಇದೇನು ಮಹಾ ಎಂದುಕೊಂಡು ನಾನು ಹೊರಟಿದ್ದೆ.

ಸ್ಟೇಷನ್ನಿನ ಫಲಕದಲ್ಲಿ ಬೌರಿಂಗ್‌ಪೇಟೆ ಎಂದಿತ್ತು. ಜಟಕಾದವರ ಬಾಯಲ್ಲಿ ಮಾತ್ರ ಬಂಗಾರಪೇಟೆ. ಸಂಕ್ರಾಂತಿ ಕಳೆದು ವಾರವಾಗಿತ್ತು, ಹತ್ತು ಗಂಟೆಯಾದರೂ ಬಿಸಿಲಿಗೆ ಕಾವಿಲ್ಲ. ಸಂತೆಬೀದಿಯ ತುಂಬ ಅವರೆಕಾಯಿ ರಾಶಿ. ಹೋಟೆಲಿನಲ್ಲಿ ನಾಲ್ಕು ಇಡ್ಲಿ ತಿಂದು ಜಟಕಾ ಹತ್ತಿದೆ. ಮೂರು ಮೈಲಿಗೆ ಆರಾಣೆ ಕೇಳಿದ, ನಾಲ್ಕಕ್ಕೆ ಒಪ್ಪಿದ, ದಾರಿಯುದ್ದಕ್ಕೂ ಮಿಕ್ಕ ಎರಡಾಣೆಯಷ್ಟು ಗೊಣಗಿದ.

ಯಲ್ಲಪ್ಪನಿಗೆ ವಯಸ್ಸು ಮೂವತ್ತಾರು ಎಂದು ಮೇಷ್ಟರು ಬರೆದಿದ್ದರು. ನಾನು ಮನೆಯೊಳಗೆ ಹೋಗಿ ಮೊದಲು ಕೈ ಮುಗಿದದ್ದು ಅವನ ಅಪ್ಪನಿರಬೇಕು ಎಂದುಕೊಂಡು. ಅವನೇ ಯಲ್ಲಪ್ಪ! ಗೋಡೆಗೆ ಒತ್ತಿಟ್ಟ ಕಂಬಳಿಗೆ ಒರಗಿ, ಅಂಗಿಯಿಲ್ಲದೆ, ಮೊಣಕಾಲ ಮೇಲೆ ಎರಡೂ ಕೈ ಊರಿ ಕೂತಿದ್ದ. ಉಸಿರೆಳೆದಾಗಲೆಲ್ಲ ಕುತ್ತಿಗೆಯ ಕೆಳಗೆ ಎರಡು ಗುಳಿ ಬೀಳುತ್ತಿದ್ದವು. ಹೆಗಲಿನ ಎರಡು ಮೂಳೆಗಳು ಇಸ್ತ್ರಿ ಗೆರೆಯ ಹಾಗೆ ನೆಟ್ಟಗೆ ಎದ್ದು ಕಾಣುತ್ತಿದ್ದವು. ಅಷ್ಟು ಬಡಕಲು ಮೈಯನ್ನು ನಾನು ಹಿಂದೆ ನೋಡಿರಲಿಲ್ಲ.

"ಮಲಗಿದ್ರೆ... ಉಸ್ರು ಸಿಕ್ಕಾಕಿಲ್ಲ ಸ್ವಾಮಿ," ಎಂದ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ನಾನು ಒಂದು ಗುಟುಕು ನೀರು ಕುಡಿಯಬಹುದಿತ್ತು. "ದಿನಾ ಬೆಲ್ಲ ತಿಂತಿದ್ದೆ. ಬೆಲ್ಲ ತಿಂದ್ರೆ... ಧೂಳು ಒಟ್ಟೆಗೆ ಇಳ್ದೋಗ್ತದೆ ಅಂತಿದ್ರು. ಎಲ್ಲೂ ಇಳೀಲಿಲ್ಲ."

ಮುನಿಯಮ್ಮ ನನ್ನ ಮುಂದೆ ಮುದ್ದೆ, ಅವರೆಕಾಳಿನ ಸಾರು ಇಟ್ಟಳು. ಉಣ್ಣುತ್ತಲೇ ಕೇಳಿದೆ: "ಗಣಿಯಲ್ಲಿ ಎದೆಯ ಚಿತ್ರ ತೆಗೆದಾಗ ಇವನಿಗೆ ಕೆಮ್ಮಿತ್ತೇನಮ್ಮ?"

ಸಾರು ಬಡಿಸುತ್ತಿದ್ದ ಸೌಟು ನಿಂತಿತು. ಅವಳು ಗಂಡನ ಕಡೆ ನೋಡಿದಳು. "ತೆಗೆದ್ರು ಸ್ವಾಮಿ. ಎಲ್ಲಾರ್ಗೂ ತೆಗೆದಂಗೆ ತೆಗೆದ್ರು," ಎಂದು ಒಲೆಯ ಕಡೆ ತಿರುಗಿದಳು. ನಾನು ಕೇಳಿದ್ದು ಅದಲ್ಲ. ಆದರೆ ಸಾರು ಚೆನ್ನಾಗಿತ್ತು, ವಕೀಲ ಮಹಾಶಯರು ಊಟದಲ್ಲಿ ಮುಳುಗಿದ್ದರು! ಗಣಿಯ ಲೈನು ಮನೆಯಲ್ಲಿ ಅವಳ ತಮ್ಮ ನಾರಾಯಣಪ್ಪ ಇದ್ದಾನೆ, ಅವನೂ ಮಿಷನ್ ಹಿಡಿಯುವವನೇ ಎಂದು ತಿಳಿದುಕೊಂಡು ಬಂಗಾರಪೇಟೆಗೆ ಮರಳಿ, ಛತ್ರದಲ್ಲಿ ಉಳಿದೆ.

ಎರಡನೆಯ ದಿನ ಬೆಳಗ್ಗೆ ಮಾರಿಕುಪ್ಪಂ ಗಾಡಿ ಹತ್ತಿದೆ. ಹತ್ತು ಮೈಲಿಯ ಕವಲು ದಾರಿ. ಡಬ್ಬಿಯಲ್ಲಿ ಒಂದು ಮಾತು ಕನ್ನಡದಲ್ಲಿ ಎದ್ದು, ತೆಲುಗಿನಲ್ಲಿ ನಡೆದು, ತಮಿಳಿನಲ್ಲಿ ಕೂರುತ್ತಿತ್ತು. ಬಯಲು ತೆರೆದಂತೆ ಬೂದುಬಣ್ಣದ ದಿಬ್ಬಗಳು ಕಂಡವು. ಚಿನ್ನ ತೆಗೆದುಕೊಂಡು ಬಿಸಾಡಿದ ಕಲ್ಲಿನ ಪುಡಿ ಅದು. ಗಾಳಿ ಎದ್ದಾಗ ದಿಬ್ಬದ ನೆತ್ತಿಯಿಂದ ಪುಡಿಯೂ ಎದ್ದು ನಮ್ಮ ಕಿಟಕಿಗೆ ಬಂತು. ನಾನು ಕೆಮ್ಮುತ್ತ ಕಿಟಕಿ ಇಳಿಸಿದೆ. ಉಳಿದವರು ಯಾರೂ ಕಣ್ಣು ಕೂಡ ಮಿಟುಕಿಸಲಿಲ್ಲ.

ಉರಿಗಾಂನಲ್ಲಿ ಇಳಿದು ಗಣಿಯ ಆಸ್ಪತ್ರೆಗೆ ನಡೆದೆ. ಅಲ್ಲಿನ ಕಿರಿಯ ಡಾಕ್ಟರು ಮೈಸೂರಿನ ಕಡೆಯವರು. ಅರ್ಜಿಯಲ್ಲಿದ್ದ ಯಲ್ಲಪ್ಪನ ಬಿಲ್ಲೆಯ ಸಂಖ್ಯೆ ನೋಡಿ, ಎರಡು ವರ್ಷದ ಹಿಂದಿನ ಚಿತ್ರವನ್ನು ಹುಡುಕಿ ದೀಪದ ಮುಂದೆ ಹಿಡಿದರು. ಬಿಲ್ಲೆ ಎಂದರೆ ಪ್ರತಿ ಕೂಲಿಗೂ ಕೊಡುವ ಹಿತ್ತಾಳೆಯ ತುಂಡು. ಗಣಿಗೆ ಅವನ ಹೆಸರೂ ಅದೇ, ಗುರುತೂ ಅದೇ.

"ನೋಡಿ, ಎದೆ ಶುದ್ಧವಾಗಿದೆ. ಒಂದು ಚುಕ್ಕೆಯೂ ಇಲ್ಲ," ಎಂದರು. "ಎಡಗಡೆ ಹೆಗಲಿನ ಮೂಳೆ ಯಾವಾಗಲೋ ಮುರಿದು ಗಂಟಾಗಿ ಕೂಡಿಕೊಂಡಿದೆ, ಅಷ್ಟೇ."

ನಾನು ಕುರ್ಚಿಯಿಂದ ಎದ್ದುಬಿಟ್ಟೆ. ನಿನ್ನೆ ತಾನೇ ನೋಡಿದ್ದೆನಲ್ಲ, ನೆಟ್ಟಗಿದ್ದ ಆ ಎರಡು ಮೂಳೆ! "ಇದು ಯಲ್ಲಪ್ಪನ ಎದೆಯೇ ಅಲ್ಲ! ಬಡವನ ಚಿತ್ರ ಬದಲಾಯಿಸಿದ್ದೀರಿ! ಹಾಡಹಗಲೇ ಮೋಸ!" ಎಂದು ಕೂಗಾಡಿದೆ. ಕಾಂಪೌಂಡರು ಬಾಗಿಲಿಗೆ ಬಂದು ನಿಂತ. ಡಾಕ್ಟರು ದನಿ ಏರಿಸಲಿಲ್ಲ. "ನಾಳೆ ಅಧಿಕಾರಿಗಳ ಮುಂದೆ ಹೇಳಿ. ನಾನೂ ನೋಡಬೇಕು," ಎಂದರು. ಗೆದ್ದೆನೆಂಬ ಹುಮ್ಮಸ್ಸಿನಲ್ಲಿ, ಸಾಕ್ಷಿ ಹೇಳಲು ನಾರಾಯಣಪ್ಪನನ್ನು ಕರೆಯೋಣವೆಂದು ಲೈನಿನ ಕಡೆ ಬಿರಬಿರನೆ ಹೊರಟೆ.

ಲೈನು ಎಂದರೆ ಬಿದಿರು ತಟ್ಟಿಯ ಗೂಡುಗಳ ಸಾಲು, ನಡುವೆ ಒಂದು ನಲ್ಲಿ. ನಾರಾಯಣಪ್ಪ ಪಾಳಿ ಮುಗಿಸಿ ಬಂದು ನಲ್ಲಿಯ ಕೆಳಗೆ ಮೈ ತೊಳೆಯುತ್ತಿದ್ದ. ಮೂವತ್ತರ ಗಟ್ಟಿ ಆಳು. ನಾನು ಯಾರೆಂದು ಹೇಳಿದೆ. ಅವನು ನೀರು ಒರೆಸಿಕೊಂಡು ತಿರುಗಿದ. ಎಡ ಹೆಗಲಿನ ಮೂಳೆಯ ಮೇಲೆ ಅಡಿಕೆ ಗಾತ್ರದ ಗಂಟು.

ಅಯ್ಯೋ ಶಿವನೇ, ನನ್ನ ಮೋಸಗಾರ ಇಲ್ಲೇ ನಿಂತಿದ್ದಾನೆ!

"ಏನಯ್ಯಾ ಅದು ಹೆಗಲ ಮೇಲೆ?"

"ಚಿಕ್ಕೋನಿದ್ದಾಗ ಉಣಿಸೇ ಮರದಿಂದ ಬಿದ್ದಿದ್ದೆ ಸ್ವಾಮಿ," ಎಂದವನು ನನ್ನ ಮುಖ ನೋಡಿದ. ಆಮೇಲೆ ತಾನೇ ಹೇಳಿದ: "ಎದೆ ಪೋಟೋ ಕೆಟ್ಟದಾಗಿ ಬಂದ್ರೆ ಮಾರನೇ ದಿನ ಬಿಲ್ಲೆ ಕಿತ್ಕೊಂಡು ಕಳಿಸ್ತಾರೆ. ಆವಾಗ ಪರಿಹಾರ ಗಿರಿಹಾರ ಯಾರಿಗ್ ಗೊತ್ತಿತ್ತು? ಬಾವಂಗೆ ಕೆಮ್ಮಿತ್ತು. ಅವ್ರ ಬಿಲ್ಲೆ ಇಟ್ಕೊಂಡು ನಾನೋಗಿ ನಿಂತ್ಕಂಡೆ. ಅಲ್ಲಿ ಬಿಲ್ಲೆ ನೋಡ್ತಾರೆ, ಮಕ ಯಾರ್ ನೋಡ್ತಾರೆ?"

"ಇದೇನು ಹುಡುಗಾಟವೇ?"

"ಲೈನ್ನಾಗೆ ಎಲ್ಲಾರೂ ಮಾಡ್ತಾರೆ. ಮದುವೇಗೋಗಕ್ಕೆ ಒಳ್ಳೇ ಅಂಗಿ ಎರವಲು ಕೊಡಲ್ವಾ, ಅಂಗೇನೇ. ನನ್ನೆದೆ ಚೆಂದಾಗೈತೆ ಅಂತ ಕೇಳ್ಕೊಂಡ್ ಬತ್ತಿದ್ರು. ಮೂರು ಜನಕ್ಕೆ ನಿಂತಿದೀನಿ." ಅವನ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು, ನಿಜ ಹೇಳಬೇಕು.

ನಲ್ಲಿಯ ಕಟ್ಟೆಯ ಮೇಲೆ ನಾನು ಕೂತೆ. ಅನ್ನ ಉಳಿಸಿಕೊಳ್ಳಲು ಮಾಡಿದ್ದು ಅವರ ಬಾಯಿಗೇ ಮಣ್ಣು ಹಾಕಿತ್ತು. ಮೂರು ಮನೆಗಳಲ್ಲಿ ಮೂವರು ಉಸಿರಿಗಾಗಿ ಬಾಯಿ ಬಿಡುತ್ತಿದ್ದಾರೆ. ಗಣಿಯ ಬೀರುವಿನಲ್ಲಿ ಮೂವರ ಎದೆಯೂ ಶುದ್ಧ! ನನಗೆ ಬಂದ ಸಿಟ್ಟನ್ನು ಯಾರ ಮೇಲೆ ಹಾಕುವುದೋ ತಿಳಿಯಲಿಲ್ಲ. ಇವನಿಗೆ ಬೈಯಲೇ? ಕೆಮ್ಮಿದವನನ್ನು ಹೊರದೂಡುವವರಿಗೆ ಬೈಯಲೇ? ಮುಖ ನೋಡದೆ ಬಿಲ್ಲೆ ನೋಡಿದವನಿಗೆ ಬೈಯಲೇ?

"ನೋಡಪ್ಪಾ," ಎಂದೆ, "ನಾಳೆ ನೀನು ಬಂದು ಇದನ್ನೇ ಹೇಳಿದರೆ ನಿನ್ನ ಬಾವನ ಅರ್ಜಿ ಗೆಲ್ಲುತ್ತದೆ. ನಿನ್ನ ಕೆಲಸ ಮಾತ್ರ ಹೋಗುತ್ತದೆ. ನಾನು ಬಲವಂತ ಮಾಡುವುದಿಲ್ಲ."

ಅವನು ಒದ್ದೆ ಪಂಚೆಯನ್ನು ಹಿಂಡುತ್ತಲೇ ಇದ್ದ. ನೀರೆಲ್ಲ ಹೋದ ಮೇಲೂ ಹಿಂಡಿದ. "ನಮ್ಮಕ್ಕ ನನ್ನ ಎತ್ಕೊಂಡು ಸಾಕ್ದೋಳು ಸ್ವಾಮಿ," ಎಂದಷ್ಟೇ ಹೇಳಿ ಒಳಗೆ ಹೋದ. ಬರುತ್ತೇನೆ ಎನ್ನಲಿಲ್ಲ.

ಶುಕ್ರವಾರ ಆಸ್ಪತ್ರೆಯ ಪಕ್ಕದ ಕೋಣೆಯಲ್ಲಿ ವಿಚಾರಣೆ. ಮುನಿಯಮ್ಮ ಗಂಡನನ್ನು ಎತ್ತಿನ ಗಾಡಿಯಲ್ಲಿ, ಆಮೇಲೆ ರೈಲಿನಲ್ಲಿ ಕರೆತಂದಿದ್ದಳು. ಸ್ಟೇಷನ್ನಿನಿಂದ ಅವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಅಧಿಕಾರಿಗಳು ಹಳೆಯ ಚಿತ್ರ ನೋಡಿ, "ವಕೀಲರೇ, ಇದಕ್ಕೇನು ಹೇಳುತ್ತೀರಿ?" ಎಂದರು. ನಾನು ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಶಾಲನ್ನು ಮಡಿಸಿದೆ, ಕನ್ನಡಕ ಒರೆಸಿದೆ, ಕೆಮ್ಮಿದೆ.

ಆಗ ನಾರಾಯಣಪ್ಪ ಬಂದ. ಒಗೆದ ಅಂಗಿ ತೊಟ್ಟಿದ್ದ. ನನ್ನ ಕಡೆ ನೋಡದೆ ನೇರವಾಗಿ ಮೇಜಿನ ಮುಂದೆ ನಿಂತು ಗುಂಡಿ ಬಿಚ್ಚಿದ. "ಆ ಪೋಟೋ ನಂದು ಬುದ್ದಿ. ಬಾವನ ಬದ್ಲು ನಾನ್ ನಿಂತಿದ್ದೆ. ಈ ಗಂಟು ನೋಡಿ."

ಮುನಿಯಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಅಧಿಕಾರಿಗಳು ಗಂಟನ್ನೂ ಹಳೆಯ ಚಿತ್ರವನ್ನೂ ನೋಡಿ, "ಇಬ್ಬರಿಗೂ ಈಗಲೇ ಹೊಸ ಚಿತ್ರ ತೆಗೆಯಿರಿ," ಎಂದರು.

ಮಧ್ಯಾಹ್ನ ಎರಡು ಗಂಟೆಗೆ ಎರಡು ಒದ್ದೆ ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಿದರು. ಯಲ್ಲಪ್ಪನದನ್ನು ಓದಲು ಡಾಕ್ಟರೇ ಬೇಕಿರಲಿಲ್ಲ. ಎದೆಯ ತುಂಬ ಹಿಟ್ಟು ಚೆಲ್ಲಿದಂತಿತ್ತು. ನಾರಾಯಣಪ್ಪನದರಲ್ಲಿ ಆ ಗಂಟು ಹಳೆಯ ಚಿತ್ರಕ್ಕೆ ಗೆರೆಗೆ ಗೆರೆ ಹೊಂದಿತು. ಅಧಿಕಾರಿಗಳು ತಲೆಯಾಡಿಸಿ ಬರೆದುಕೊಂಡರು. ಯಲ್ಲಪ್ಪನ ಅರ್ಜಿ ಒಪ್ಪಿದ್ದಾಯಿತು. ನಾರಾಯಣಪ್ಪನ ಬಿಲ್ಲೆಯನ್ನು ಗಣಿಯ ಗುಮಾಸ್ತ ಅಲ್ಲೇ ಇಸಿದುಕೊಂಡ.

ನಾನು ಖುಷಿಯಿಂದ ಡಾಕ್ಟರ ಕೈ ಹಿಡಿಯಹೋದೆ. ಅವರು ಕೈ ಕೊಡಲಿಲ್ಲ. ಮೆಲ್ಲಗೆ ನನ್ನನ್ನು ಕಿಟಕಿಯ ಹತ್ತಿರ ಕರೆದು, ನಾರಾಯಣಪ್ಪನ ಹೊಸ ಚಿತ್ರದಲ್ಲಿ ಗಂಟಿನ ಕೆಳಗೆ ಬೆರಳಿಟ್ಟು ತೋರಿಸಿದರು. ರವೆಯಂಥ ಚುಕ್ಕೆಗಳು. ಬಲಗಡೆಯೂ ಇದ್ದವು. "ಎರಡು ವರ್ಷದಲ್ಲಿ," ಎಂದರು. "ಈಗಷ್ಟೇ ಶುರು." ಅಷ್ಟು ಗಟ್ಟಿ ಆಳು! ನಿನ್ನೆ ನಲ್ಲಿಯ ಬಳಿ ತನ್ನ ಎದೆ ಚೆಂದವೆಂದು ಹೆಮ್ಮೆಪಟ್ಟವನು!

ಸಂಜೆಯ ಗಾಡಿಗೆ ಹೊರಟೆವು. ಬಾವನನ್ನು ನಾರಾಯಣಪ್ಪನೇ ಬೆನ್ನ ಮೇಲೆ ಹೊತ್ತು ತಂದು ಡಬ್ಬಿಯಲ್ಲಿ ಕೂರಿಸಿದ. ಮುನಿಯಮ್ಮ ತಮ್ಮನ ಗಲ್ಲ ಸವರಿ, "ಊರಿಗೇ ಬಂದ್ಬುಡೋ," ಎನ್ನುತ್ತಿದ್ದಳು. ಅವನು ಕಿಟಕಿಯ ಹೊರಗೆ ನಿಂತು ಎರಡು ಸಲ ಕೆಮ್ಮಿದ. "ಬೀಡಿ ಕೆಮ್ಮು," ಎಂದು ತಾನೇ ನಕ್ಕ.

ಹೇಳದೆ ಹೋದರೆ ನಾನೂ ಬಿಲ್ಲೆ ನೋಡಿ ಮುಖ ನೋಡದವನೇ ಆಗುತ್ತಿದ್ದೆ. ಕೆಳಗಿಳಿದು, ಅವಳಿಗೆ ಕೇಳಿಸದಷ್ಟು ದೂರ ಅವನನ್ನು ಕರೆದೊಯ್ದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ನಿನ್ನ ಅರ್ಜಿಯನ್ನೂ ನಾನೇ ಬರೆಯುತ್ತೇನೆ, ಮಿಕ್ಕ ಇಬ್ಬರದ್ದೂ ಬರೆಯುತ್ತೇನೆ," ಎಂದೆ. ಅವನು ನನ್ನ ಬಾಯನ್ನೇ ನೋಡುತ್ತಿದ್ದ. ಗಾರ್ಡು ಸೀಟಿ ಊದಿದ. ನಾನು ಓಡಿ ಹತ್ತಿಕೊಂಡೆ.

ಗಾಡಿ ಅಲುಗಿದ ಮೇಲೆ ಅವನು ಕಿಟಕಿಯ ಜೊತೆ ನಾಲ್ಕು ಹೆಜ್ಜೆ ಬಂದ. "ಅಂಗಾದ್ರೆ ಸ್ವಾಮಿ," ಎಂದು ಕೇಳಿದ, "ನನ್ ಬದ್ಲು ಯಾರ್ ನಿಂತ್ಕಂತಾರೆ?"

ಗಾಡಿ ತಿರುವಿಗೆ ಬರುವವರೆಗೂ ನಾನು ಹಿಂದೆ ನೋಡುತ್ತಿದ್ದೆ. ಅವನು ಅಲ್ಲೇ ನಿಂತು, ಬೆಳಗ್ಗೆಯಿಂದ ಬಿಚ್ಚಿಯೇ ಇದ್ದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿಕೊಳ್ಳುತ್ತಿದ್ದ.