ಅತ್ತೆಗೆ ಸಕ್ಕರೆ ಕುಡಿಸಿದ ಮಧ್ಯಾಹ್ನ

ನಾನು ಮದುವೆಯಾಗಿ ಧಾರವಾಡದಿಂದ ಘಾಟ್ಕೋಪರಿನ ಚಾಳಿನ ಒಂದು ಕೋಣೆಯ ಮನೆಗೆ ಬರುವ ಹೊತ್ತಿಗೆ ಅತ್ತೆಯ ಸಕ್ಕರೆ ಕಾಯಿಲೆ ಹಳೆಯದಾಗಿತ್ತು. ಅವರು ಅನ್ನ, ಬೆಲ್ಲ ಬಿಟ್ಟಿದ್ದರು. ಅರ್ಧ ರೊಟ್ಟಿಯೊಂದಿಗೆ ಹಾಗಲಕಾಯಿ ಪಲ್ಯ ತಿಂದು ಎದ್ದುಬಿಡುತ್ತಿದ್ದರು. ಹಾಗಾಗಿ ಅವರು ಸೊರಗತೊಡಗಿದಾಗ ಅದು ಪಥ್ಯದ ಫಲವೆಂದುಕೊಂಡೆವು. ಕೆಮ್ಮು ಹತ್ತಿದಾಗ ಈ ಶಹರದ ಹೊಗೆ ಎಂದೆವು. ಕಫದಲ್ಲಿ ರಕ್ತ ಕಂಡ ದಿನ ನನ್ನ ಗಂಡ ಆಫೀಸಿಗೆ ರಜೆ ಹಾಕಿ, ನಮ್ಮಿಬ್ಬರನ್ನೂ ಲೋಕಲ್ ರೈಲಿನಲ್ಲಿ ಬೈಕುಲ್ಲಾಕ್ಕೆ, ಒಬ್ಬ ಡಾಕ್ಟರರ ಬಳಿಗೆ ಕರೆದೊಯ್ದರು.

ಡಾಕ್ಟರು ಕಾರವಾರದ ಕಡೆಯವರು. ಎಕ್ಸ್‌ರೇ ನೋಡಿ, ಕ್ಷಯ ಎಂದರು. ಅದಕ್ಕೆ ಹೊಸ ಇಂಜೆಕ್ಷನ್ ಬಂದಿದೆ, ಹೆದರಬೇಡಿ, ಆದರೆ ಹೊಟ್ಟೆತುಂಬ ಊಟ ಮಾಡಬೇಕು ಎಂದರು.

ಅತ್ತೆ ಸೆರಗು ಸರಿಪಡಿಸಿಕೊಂಡು ಕೇಳಿದರು: "ಉಂಡ್ರ ಸಕ್ಕರಿ ಕೊಲ್ಲತೈತಿ, ಉಪಾಸ ಇದ್ರ ಕ್ಷಯ ಕೊಲ್ಲತೈತಿ. ಯಾವುದಕ್ಕ ಸಾಯ್ಲಿ ಹೇಳ್ರಿ ಸಾಹೇಬ್ರ?"

"ಯಾವುದಕ್ಕೂ ಬೇಡ ಅಮ್ಮ. ನೀವು ಉಣ್ಣಿ. ಸಕ್ಕರೆಯನ್ನು ಇನ್ಸುಲಿನ್ ನೋಡ್ಕೊಳ್ತದೆ."

ಅಲ್ಲಿನ ಕಾಂಪೌಂಡರ್ ನನ್ನ ಕೈಯಿಂದ ಮೋಸಂಬಿಗೆ ಚುಚ್ಚಿಸಿ ಇನ್ಸುಲಿನ್ ಸೂಜಿ ಹಾಕುವುದನ್ನು ಕಲಿಸಿದರು. ಮೋಸಂಬಿಯೇನೋ ಸುಮ್ಮನಿತ್ತು, ಮನೆಯಲ್ಲಿ ಮೊದಲ ದಿನ ಅತ್ತೆ ಕಣ್ಣು ಮುಚ್ಚಿಕೊಂಡು ತೋಳು ಚಾಚಿದಾಗ ನಾನೂ ಒಮ್ಮೆ ಕಣ್ಣು ಮುಚ್ಚಿ ತೆರೆದು ಚುಚ್ಚಿದೆ. ಗಾಜಿನ ಸಿರಿಂಜನ್ನು ನಿತ್ಯ ಕುದಿಸಬೇಕು. ಇನ್ಸುಲಿನ್ ಶೀಶೆಗೆ ಒದ್ದೆ ಬಟ್ಟೆ ಸುತ್ತಿ ನೀರಿನ ಗಡಿಗೆಯ ಪಕ್ಕ ಇಡಬೇಕು. ಮೂತ್ರದ ಹನಿಗಳನ್ನು ನೀಲಿ ದ್ರಾವಣದಲ್ಲಿ ಹಾಕಿ ಸ್ಪಿರಿಟ್ ದೀಪದ ಮೇಲೆ ಕಾಯಿಸಿದರೆ, ಸಕ್ಕರೆ ಹೆಚ್ಚಿದ್ದಾಗ ಇಟ್ಟಿಗೆಯ ಕೆಂಪು ಬಣ್ಣ ಬರುತ್ತಿತ್ತು. ಕ್ಷಯದ ಇಂಜೆಕ್ಷನ್ನೂ ನಡೆದಿತ್ತು; ಬಹಳ ದಿನ ಆ ಕೆಂಪನ್ನೇ ನೋಡಿದೆವು. ಆಮೇಲೆ ಹಳದಿ, ಹಸಿರು. ಕೊನೆಗೊಮ್ಮೆ ದ್ರಾವಣ ನೀಲಿಯಾಗಿಯೇ ಉಳಿಯಿತು: ಸಕ್ಕರೆ ಇಲ್ಲ.

ಹಾಗಿರುವಾಗ ಒಂದು ಮಧ್ಯಾಹ್ನ ಅತ್ತೆ ಅಕ್ಕಿ ಆರಿಸುತ್ತ ಕೂತಿದ್ದರು. ಊಟ, ಸೂಜಿ ಎರಡೂ ಎಂದಿನಂತೆಯೇ ಆಗಿದ್ದವು. ನೋಡಿದರೆ ಮೈಯೆಲ್ಲ ಬೆವರು, ಮೊರ ಹಿಡಿದ ಕೈ ಗಡಗಡ ನಡುಗುತ್ತಿತ್ತು. "ಅವ್ವಾ, ಬಾಗಲಾ ತಗೀ" ಎಂದು ನನ್ನನ್ನೇ ತಮ್ಮ ತಾಯಿ ಎಂದುಕೊಂಡು ಕರೆದರು. ಬಾಗಿಲು ತೆರೆದೇ ಇತ್ತು.

ಇನ್ಸುಲಿನ್ನಿಂದ ಸಕ್ಕರೆ ತೀರಾ ಇಳಿದು ಹೀಗಾದರೆ ತಕ್ಷಣ ಸಕ್ಕರೆ ಕೊಡಿ ಎಂದು ಡಾಕ್ಟರು ಹೇಳಿದ್ದರು. ಡಬ್ಬಿ ಖಾಲಿಯಾಗಿತ್ತು. ನಾನು ಕೂಗಿಕೊಂಡ ರಭಸಕ್ಕೆ ಪಕ್ಕದ ಖೋಲಿಯ ಉಡುಪಿಯ ಅಕ್ಕ ಓಡಿ ಬಂದರು.

"ಎಂತ ಆಯ್ತು ಮಾರಾಯ್ತಿ?"

"ಸಕ್ಕರಿ ತರ್ರಿ, ಲಗೂನ!"

ಅವರು ತಂದ ಸಕ್ಕರೆಯನ್ನು ನೀರಿಗೆ ಕಲಸಿ, "ಕುಡೀರಿ ಅತ್ತಿ, ನುಂಗ್ರಿ" ಎಂದು ಗುಟುಕು ಗುಟುಕಾಗಿ ಕುಡಿಸಿದೆ. ಸ್ವಲ್ಪ ಹೊತ್ತಿಗೆ ಬೆವರು ಆರಿತು, ಕಣ್ಣಿಗೆ ನಮ್ಮ ಗುರುತು ಸಿಕ್ಕಿತು. ಅತ್ತೆ ತುಟಿ ನೆಕ್ಕಿಕೊಂಡು ನನ್ನನ್ನು ದುರುಗುಟ್ಟಿ ನೋಡಿದರು.

"ಸಕ್ಕರಿ ಯಾಕ ಕುಡಿಸಿದಿ? ತಲಿ ಕೆಟ್ಟೈತೇನ ನಿಂದು?"

ಉಡುಪಿಯ ಅಕ್ಕ ನಕ್ಕರು. ನಾನು ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತುಬಿಟ್ಟೆ.

ಮರುದಿನವೇ ಬೈಕುಲ್ಲಾಕ್ಕೆ ಹೋದೆವು. ಡಾಕ್ಟರು ಹೊಸ ಎಕ್ಸ್‌ರೇ ತೆಗೆಸಿ, ಹಳೆಯದರ ಪಕ್ಕ ಹಿಡಿದು ನೋಡಿದರು. ಮುಖ ಅರಳಿತು.

"ಕ್ಷಯ ಜೋರಾಗಿದ್ದಾಗ ಸಕ್ಕರೆಯೂ ಏರ್ತದೆ, ಇನ್ಸುಲಿನ್ ಜಾಸ್ತಿ ಬೇಕಾಗ್ತದೆ. ಈಗ ಕ್ಷಯ ಇಳೀತಾ ಇದೆ. ಅದಕ್ಕೇ ಹಳೇ ಡೋಸು ಹೆಚ್ಚಾಯ್ತು. ಇವತ್ತಿಂದ ಕಡಿಮೆ ಮಾಡಿ."

ನನ್ನ ಗಂಡ ಅದನ್ನು ಎರಡು ಸಲ ಹೇಳಿಸಿಕೊಂಡರು.

ಸ್ಟೇಷನ್ನಿನ ದಾರಿಯಲ್ಲಿ ಅತ್ತೆ ನಿಂತುಬಿಟ್ಟರು. ಏನಾಯಿತೋ ಎಂದು ಹೆದರಿ ನಾನು ಅವರ ರಟ್ಟೆ ಹಿಡಿದೆ.

"ಏನಿಲ್ಲ ಬಿಡವ್ವಾ," ಎಂದರು, ಎದುರಿನ ಹೋಟೆಲಿನತ್ತ ನೋಡುತ್ತ. "ಹಸಿವ್ಯಾಗೈತಿ."

ಆ ಮಾತನ್ನು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಒಳಗೆ ಹೋಗಿ ಕೂತೆವು. ಅತ್ತೆ ಯಾರನ್ನೂ ಕೇಳದೆ ಇಡ್ಲಿ ತಿಂದರು, ಚಟ್ನಿ ಇನ್ನೊಮ್ಮೆ ಹಾಕಿಸಿಕೊಂಡರು.